ಅತ್ತಿಗೆಯ ಬೆನ್ನು

ಮಾರ್ಚ್ 12, 2025, ಬುಧವಾರ

ಬೆನ್ನಿನ ಕಪ್ಪು ತೋರಿಸಲು ಅತ್ತಿಗೆ ಜೊತೆ ಚರ್ಮದ ಡಾಕ್ಟರ ಹತ್ತಿರ ಹೋಗಿ ಬಂದೆ. ಅಣ್ಣನಿಗೆ ಕುಕ್ಕರ್ ಗ್ಯಾಸ್ಕೆಟ್ ತರಬೇಕು ಅಂತ ಹೇಳಿ ಹೊರಟಿದ್ದೆವು.

ಹಚ್ಚಿ ಬಿಟ್ಟ ಟ್ಯೂಬ್‌ಗಳನ್ನೆಲ್ಲ ಅತ್ತಿಗೆ ಕವರಿನಲ್ಲಿ ತುಂಬಿಕೊಂಡು ಬಂದಿದ್ದರು. ಡಾಕ್ಟರು ಕೇಳಿದ್ದೇ ಬೇರೆ.

"ಸ್ನಾನಕ್ಕೆ ಏನು ಹಾಕಿ ಉಜ್ಜುತ್ತೀರಮ್ಮ?"

"ನೈಲಾನ್ ಜಾಲರಿ ಮೇಡಂ. ಭಾನುವಾರ ಹೀರೇಕಾಯಿ ನಾರು."

"ಎಷ್ಟು ಹೊತ್ತು?"

ಅತ್ತಿಗೆ ನನ್ನ ಮುಖ ನೋಡಿದರು. ಹಂಡೆ ನೀರು ಖಾಲಿಯಾಗುವ ತನಕ ಅಂತ ಮನೆಯವರಿಗೆಲ್ಲ ಗೊತ್ತು.

ಡಾಕ್ಟರು ನನ್ನನ್ನೂ ಹತ್ತಿರ ಕರೆದು ತೋರಿಸಿದರು. ಕಪ್ಪು ಎಲ್ಲ ಕಡೆ ಇಲ್ಲ. ಹೆಗಲ ಮೂಳೆ, ಬೆನ್ನುಮೂಳೆ ಉದ್ದಕ್ಕೆ, ಕತ್ತಿನ ಕೆಳಗಿನ ಮೂಳೆ. ಚರ್ಮದ ಕೆಳಗೆ ಮಾಂಸ ಕಡಿಮೆ ಇರುವ ಕಡೆಯೇ. ಅದೂ ಬಳಿದ ಹಾಗಿಲ್ಲ, ರಾಗಿ ಹಿಟ್ಟು ಚೆಲ್ಲಿ ಬೆರಳಾಡಿಸಿದ ಹಾಗೆ ಗೆರೆಗೆರೆ. ಉಜ್ಜಿ ಉಜ್ಜಿ ಮೇಲ್ಪದರದ ಬಣ್ಣ ಜಾರಿ ಒಳಪದರಕ್ಕೆ ಇಳಿದಿದೆಯಂತೆ. ಅಲ್ಲಿಗೆ ಸೋಪೂ ಹೋಗಲ್ಲ, ನಾರೂ ಹೋಗಲ್ಲ. ತಿಕ್ಕಿದಷ್ಟೂ ಇನ್ನೂ ಕಪ್ಪು. ಫ್ರಿಕ್ಷನ್ ಮೆಲನೋಸಿಸ್ ಅಂತ ಹೆಸರು. ಜಪಾನಿನಲ್ಲಿ 1980ರ ದಶಕದಲ್ಲೇ ನೈಲಾನ್ ಟವೆಲ್‌ನಿಂದ ಮೈ ಉಜ್ಜುವವರಲ್ಲಿ ಇದನ್ನು ಗುರುತಿಸಿದ್ದರಂತೆ. ಕೆಲವರಿಗೆ ಅದೇ ಜಾಗದಲ್ಲಿ ಅಮಿಲಾಯ್ಡ್ ಅನ್ನುವ ಪ್ರೋಟೀನೂ ಸೇರಿಕೊಂಡು ತುರಿಕೆ ಶುರುವಾಗುತ್ತದೆ. ತುರಿಸಿದರೆ ಅದೂ ಉಜ್ಜಿದ ಲೆಕ್ಕವೇ.

ಔಷಧಿ? ಮೊದಲು ಜಾಲರಿ ಬಿಸಾಡಿ, ಕೈಯಲ್ಲೇ ಸೋಪು ಹಚ್ಚಿ, ಟವೆಲಿನಿಂದ ಒತ್ತಿ ಒರೆಸಿ ಅಂದರು. ಒಂದು ಕ್ರೀಮ್ ಬರೆದುಕೊಟ್ಟರು. ತಿಂಗಳುಗಟ್ಟಲೆ ಆಗುತ್ತದೆ, ಪೂರ್ತಿ ಹೋಗುತ್ತದೆ ಅಂತ ಮಾತು ಕೊಡಲ್ಲ ಅಂತಲೂ ಹೇಳಿದರು. ಅವರು ಹಾಗೆ ನೇರವಾಗಿ ಹೇಳಿದ್ದು ನನಗೆ ಹಿಡಿಸಿತು.

ಆಟೋದಲ್ಲಿ ಅತ್ತಿಗೆ ಆಡಿದ್ದು ಒಂದೇ ಮಾತು. "ಹಾಗಾದ್ರೆ ಅದು ಕೊಳೆ ಅಲ್ಲ, ಅಲ್ವಾ?"

ಮೈ ಉರಿದುಹೋಯಿತು ನನಗೆ. ಮದುವೆಮನೆಯಲ್ಲಿ ಅಷ್ಟು ಜನರ ಎದುರು "ಬೆನ್ನು ಸರಿಯಾಗಿ ತಿಕ್ಕಿಕೊಳ್ಳಬಾರದೇನೇ" ಅಂದವರು ದೊಡ್ಡಮ್ಮ. ಅವತ್ತಿನಿಂದ ಅತ್ತಿಗೆ ಅಗಲ ಕತ್ತಿನ ರವಿಕೆ ಹೊಲಿಸಿಲ್ಲ. ಬಚ್ಚಲಿನಿಂದ ಹೊರಗೆ ಬರುವಾಗ ಹೆಗಲು ಕೆಂಪಗಾಗಿರುತ್ತಿತ್ತು. ಒಬ್ಬರಾದರೂ ಕೇಳಿದೆವಾ?

ಗ್ಯಾಸ್ಕೆಟ್ ಮರೆತೇಹೋಯಿತು. ಅನ್ನ ಬಸಿದಿದ್ದಾಯಿತು. ಬಸಿದ ಅನ್ನವೇ ರುಚಿ ಅಂತ ಅಣ್ಣ ಇನ್ನೊಂದು ಸಲ ಹಾಕಿಸಿಕೊಂಡ.

ಯುಗಾದಿ ಈ ತಿಂಗಳ 30ಕ್ಕೆ. ದೊಡ್ಡಮ್ಮನ ಮನೆಯಲ್ಲೇ ಎಣ್ಣೆಸ್ನಾನ. ಕಡಲೆಹಿಟ್ಟು ಹಿಡಿದು ಸೊಸೆಯಂದಿರ ಬೆನ್ನು ಅವರೇ ಉಜ್ಜುತ್ತಾರೆ, ಬೇಡ ಅಂದರೆ ಕೇಳುವವರಲ್ಲ. ಮೊದಲೇ ಫೋನ್ ಮಾಡಿ ಹೇಳಿಬಿಡಲಾ ಅಂದರೆ ಅತ್ತಿಗೆ ಸುಮ್ನಿರು ಅಂತಾರೆ. ಅಣ್ಣನ ಕೈಲಿ ಹೇಳಿಸೋಣ ಅಂದರೆ ಅವನಿಗೆ ಇನ್ನೂ ವಿಷಯವೇ ಗೊತ್ತಿಲ್ಲ.