ಪ್ರೋಗ್ರಾಂ ಏಳುವ ಮೊದಲೇ 3.3 ವೋಲ್ಟ್

ಅಕ್ಕನ ಮನೆಯ ತಾರಸಿ ತೋಟಕ್ಕೆ ನೀರು ಬಿಡಲು ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಕೂರಿಸಿದ್ದೇವೆ. ಕರೆಂಟು ಹೋಗಿ ಬಂದಾಗಲೆಲ್ಲ, ಪ್ರೋಗ್ರಾಂ ಶುರುವಾಗುವ ಮೊದಲೇ ಪಂಪು ತಾನಾಗಿ ಓಡತೊಡಗುತ್ತಿತ್ತು. ಪಂಪನ್ನು ನಡೆಸುವುದು ಮಾಸ್‌ಫೆಟ್, ಅಂದರೆ ವೋಲ್ಟೇಜ್ ಕೊಟ್ಟರೆ ಆನ್ ಆಗುವ ಎಲೆಕ್ಟ್ರಾನಿಕ್ ಸ್ವಿಚ್ಚು. ಆ ವೋಲ್ಟೇಜ್ ಪಡೆಯುವ ಅದರ ಕಾಲು, ಅಂದರೆ ಗೇಟು, ಪೈನ ಜಿಪಿಐಒ (ಪ್ರೋಗ್ರಾಮಿನಿಂದ ನಿಯಂತ್ರಿಸುವ) ಪಿನ್ನುಗಳಲ್ಲಿ 4ನೆಯದಕ್ಕೆ ನೇರವಾಗಿ ಸೇರಿತ್ತು.

ಮಲ್ಟಿಮೀಟರಿನ ಕಪ್ಪು ತಂತಿಯನ್ನು ಗ್ರೌಂಡಿಗೂ ಕೆಂಪು ತಂತಿಯನ್ನು ಆ ಪಿನ್ನಿಗೂ ಮುಟ್ಟಿಸಿದರೆ 3.3 ವೋಲ್ಟ್. ಅದೇ ಪಿನ್ನಿಗೆ ರೆಸಿಸ್ಟರಿನೊಂದಿಗೆ ಎಲ್‌ಇಡಿ ಜೋಡಿಸಿದರೆ ಮಾತ್ರ ಬೆಳಕು ಇದೆಯೋ ಇಲ್ಲವೋ ಎನ್ನುವಷ್ಟು ಮಂಕು. ನನಗೆ ಸುಳಿವು ಸಿಕ್ಕಿದ್ದು ಇಲ್ಲೇ. ವೋಲ್ಟೇಜ್ ಇದೆ, ಅದರ ಹಿಂದೆ ಬಲವಿಲ್ಲ.

ಪೈ ಚಾಲೂ ಆದಾಗ ಪಿನ್ನುಗಳೆಲ್ಲ ಇನ್‌ಪುಟ್ ಆಗಿರುತ್ತವೆ. ಆದರೆ 0ಯಿಂದ 8ರವರೆಗಿನವನ್ನು ಚಿಪ್ಪಿನೊಳಗಿನ ಸುಮಾರು 50 ಕಿಲೋ ಓಮ್ ಪುಲ್-ಅಪ್ ರೆಸಿಸ್ಟರು 3.3 ವೋಲ್ಟಿನತ್ತ ಎಳೆದಿರುತ್ತದೆ. 9ರಿಂದ 27ರವರೆಗಿನವನ್ನು ಗ್ರೌಂಡಿನತ್ತ. ಮಾಸ್‌ಫೆಟ್‌ನ ಗೇಟು ಕರೆಂಟನ್ನು ಕೇಳುವುದೇ ಇಲ್ಲವಾದ್ದರಿಂದ ಆ ದುರ್ಬಲ ಎಳೆತವೂ ಅದಕ್ಕೆ ಧಾರಾಳವಾಗಿ ಸಾಕು.

ಗೇಟಿನಿಂದ ಗ್ರೌಂಡಿಗೆ 10 ಕಿಲೋ ಓಮ್ ರೆಸಿಸ್ಟರು ಬೆಸೆದೆವು. ಪಿನ್ನು ಸುಮಾರು 0.55 ವೋಲ್ಟಿಗೆ ಇಳಿಯಿತು, ಪಂಪು ಸುಮ್ಮನಾಯಿತು.

ಜಿಪಿಐಒ 2 ಮತ್ತು 3ರಲ್ಲಿ ಈ ಉಪಾಯ ನಡೆಯುವುದಿಲ್ಲ, ದಯವಿಟ್ಟು ಗಮನಿಸಿ. ಐ2ಸಿ, ಅಂದರೆ ಸೆನ್ಸರಿನಂಥವುಗಳ ಜೊತೆ ಮಾತಾಡುವ ಎರಡು ತಂತಿಯ ಸಂಪರ್ಕಕ್ಕಾಗಿ ಬೋರ್ಡಿನ ಮೇಲೆಯೇ 1.8 ಕಿಲೋ ಓಮ್ ಪುಲ್-ಅಪ್ ಇದೆ. ಪ್ರೋಗ್ರಾಮಿನಿಂದ ಅದನ್ನು ತೆಗೆಯಲಾಗದು. 10 ಕಿಲೋ ಓಮ್ ಹಾಕಿದರೂ ಅಲ್ಲಿ 2.8 ವೋಲ್ಟ್ ಉಳಿಯುತ್ತದೆ. ಪಂಪು, ಹೀಟರಿನಂಥವನ್ನು ನಡೆಸಲು ನಾನಂತೂ ಶುರುವಿನಲ್ಲೇ ಗ್ರೌಂಡಿನತ್ತ ಎಳೆದಿರುವ ಜಿಪಿಐಒ 17ನ್ನೇ ಆರಿಸುತ್ತೇನೆ, ಗೇಟಿನ ರೆಸಿಸ್ಟರನ್ನು ಆಗಲೂ ಬಿಡುವುದಿಲ್ಲ.