ಪಿಕಿಂಗ್ ಡೈರಿ: ಕೈಯಲ್ಲ, ಕಾಲು ಸೋಲುತ್ತಿತ್ತು

ವಾರ 1

ನಾವು ಆನ್‌ಲೈನಿನಲ್ಲಿ ಮಾರುವುದು ಹೊಲಿಗೆ ಸಾಮಾನು. ದಾರ, ಗುಂಡಿ, ಜಿಪ್, ಸೂಜಿ, ಲೇಸ್. ಗೋದಾಮು ಅಂದರೆ ಒಂದೇ ಕೋಣೆ. ರ‍್ಯಾಕುಗಳ ನಡುವೆ ನಾಲ್ಕು ಓಣಿ, ಮೂಲೆಯಲ್ಲಿ ಪ್ಯಾಕಿಂಗ್ ಟೇಬಲ್. ಕೆಲಸಕ್ಕೆ ನಾನೂ ಸೇರಿ ಇಬ್ಬರು. ಪಿಕಿಂಗ್ ಅಂದರೆ ಆರ್ಡರಿನ ಚೀಟಿ ನೋಡಿ ರ‍್ಯಾಕಿನಿಂದ ಸಾಮಾನು ಆರಿಸಿ ತರುವುದು. ಆರ್ಡರ್ ಜಾಸ್ತಿ ಬಂದ ದಿನ ಸಂಜೆ ನೋಯುತ್ತಿದ್ದದ್ದು ಕಾಲು, ಕೈಯಲ್ಲ. ಆದರೂ ನಾನು ಜೊತೆಯವನಿಗೆ ಹೇಳುತ್ತಿದ್ದದ್ದು "ಸ್ವಲ್ಪ ಬೇಗ ಬೇಗ ಕೈ ಆಡಿಸು" ಅಂತ.

ಈ ವಾರ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಅಳೆದೆ. ಚೀಟಿ ಓದುವುದು, ನಡೆಯುವುದು, ಹುಡುಕುವುದು, ಎತ್ತಿಕೊಳ್ಳುವುದು, ಎಲ್ಲವೂ ಬೇರೆ ಬೇರೆ. ಅರ್ಧಕ್ಕಿಂತ ಜಾಸ್ತಿ ಹೊತ್ತು ಬರೀ ನಡಿಗೆಗೆ ಹೋಗಿತ್ತು. ಉಳಿದದ್ದರಲ್ಲಿ ಹುಡುಕಾಟಕ್ಕೇ ದೊಡ್ಡ ಪಾಲು. ಗುಂಡಿ ಪ್ಯಾಕೆಟ್ ಎತ್ತಿಕೊಂಡ ಹೊತ್ತು ಲೆಕ್ಕಕ್ಕೇ ಇಲ್ಲ.

ವಾರ 2

ಪ್ರತಿ ಡಬ್ಬಿಗೂ ವಿಳಾಸ ಕೊಟ್ಟೆವು. ಓಣಿ, ಅಂಕಣ, ಅಟ್ಟ. ಮೊದಲು ಬರೀ ಅಂಕಿಯಲ್ಲಿ 2-7-3 ಅಂತ ಹಾಕಿದ್ದೆ. ಸ್ಪ್ರೆಡ್‌ಶೀಟ್ ಅದನ್ನು ತಾರೀಖು ಅಂದುಕೊಂಡು ಬದಲಾಯಿಸಿಬಿಟ್ಟಿತು! ಆಮೇಲೆ ಓಣಿಗೆ ಅಕ್ಷರ ಕೊಟ್ಟು ಬಿ-7-3 ಮಾಡಿದೆ. ಆಗ ಇನ್ನೊಂದು ತರಲೆ: ಸಾರ್ಟ್ ಮಾಡಿದರೆ ಬಿ-10 ಬಂದು ಬಿ-2ರ ಮುಂದೆ ಕೂರುತ್ತದೆ. ಕೊನೆಗೆ ಬಿ-07-3. ಆ ಒಂದು ಸೊನ್ನೆಗಾಗಿ ಎಲ್ಲ ಲೇಬಲ್ ಮತ್ತೆ ಪ್ರಿಂಟ್ ಹಾಕಿದೆ.

ನಂಬರ್ ಕೊಡುವಾಗ ಒಂದು ಉಪಾಯ ಮಾಡಿದೆ. ಎ ಓಣಿಯಲ್ಲಿ ಅಂಕಣದ ಎಣಿಕೆ ಮುಂದಿನಿಂದ ಹಿಂದಕ್ಕೆ, ಬಿ ಓಣಿಯಲ್ಲಿ ಹಿಂದಿನಿಂದ ಮುಂದಕ್ಕೆ. ಹಾವು ಹರಿದ ಹಾಗೆ. ಪಟ್ಟಿಯನ್ನು ವಿಳಾಸದ ಪ್ರಕಾರ ಸಾರ್ಟ್ ಮಾಡಿದರೆ ಸಾಕು, ಅದೇ ನಡೆಯುವ ದಾರಿ. ಸಾಫ್ಟ್‌ವೇರ್ ಏನೂ ಬೇಡ.

ವಾರ 3

ಜಾಸ್ತಿ ಓಡುವ ಸಾಮಾನನ್ನು ಹತ್ತಿರ ತರುವುದು. ಕೇಳಲು ಸುಲಭ, ಅಲ್ವಾ? ಎರಡು ಸಲ ತಪ್ಪು ಮಾಡಿದೆ.

ಮೊದಲ ತಪ್ಪು ಎಣಿಕೆಯದು. ಎಷ್ಟು ಪೀಸ್ ಮಾರಿದೆವು ಅಂತ ನೋಡಿದಾಗ ಶರ್ಟಿನ ಗುಂಡಿ ಮೊದಲ ಸ್ಥಾನದಲ್ಲಿತ್ತು. ಆದರೆ ಒಬ್ಬ ಟೈಲರ್ 500 ಗುಂಡಿ ತೆಗೆದುಕೊಂಡರೂ ನಾನು ಆ ರ‍್ಯಾಕಿಗೆ ಹೋಗುವುದು ಒಂದೇ ಸಲ. ಎಷ್ಟು ಆರ್ಡರಿನಲ್ಲಿ ಆ ಸಾಮಾನು ಬಂತು ಅಂತ ಎಣಿಸಬೇಕಿತ್ತು. ಹಾಗೆ ಎಣಿಸಿದರೆ ಬಿಳಿ ದಾರ, ಕಪ್ಪು ದಾರ, ಸೂಜಿ ಪ್ಯಾಕೆಟ್ ಮೇಲೆ ಬಂದವು.

ಎರಡನೆಯದು ಜಾಗದ್ದು. ಅವುಗಳನ್ನು ನಾಲ್ಕೂ ಓಣಿಯ ಬಾಯಲ್ಲಿ ಹಂಚಿಟ್ಟೆ. ನಡಿಗೆ ಒಂದು ಚೂರೂ ಕಮ್ಮಿ ಆಗಲಿಲ್ಲ. ಹಾವಿನ ದಾರಿಯಲ್ಲಿ ಓಣಿಗೆ ಹೊಕ್ಕಮೇಲೆ ಆ ಕಡೆಯಿಂದಲೇ ಹೊರಗೆ ಬರಬೇಕು, ಸಾಮಾನು ಬಾಯಲ್ಲಿದ್ದರೇನು, ಹೊಟ್ಟೆಯಲ್ಲಿದ್ದರೇನು? ಹಾಗಾಗಿ ಎಲ್ಲವನ್ನೂ ಟೇಬಲ್ ಪಕ್ಕದ ಎ ಓಣಿಗೇ ತುಂಬಿದೆ, ಸೊಂಟದಿಂದ ಭುಜದ ಎತ್ತರದೊಳಗೆ. ಈಗ ಎಷ್ಟೋ ಆರ್ಡರ್ ಎ ಓಣಿಯಲ್ಲೇ ಮುಗಿಯುತ್ತವೆ. ಡಿ ಓಣಿಯ ಕಡೆ ದಿನಕ್ಕೆ ಒಂದೋ ಎರಡೋ ಸಲ ಹೋದರೆ ಜಾಸ್ತಿ.

ವಾರ 4

ಖುಷಿ ಒಂದೇ ವಾರ. ಗುಂಡಿ ಕಾಜಕ್ಕೆ ಹೋಗುತ್ತಿಲ್ಲ ಅಂತ ಗಿರಾಕಿಯೊಬ್ಬರು ಬರೆದರು. 24 ಲೈನ್ ಕೇಳಿದ್ದರು, ಹೋದದ್ದು 28 ಲೈನ್. ಗುಂಡಿಯ ಅಳತೆಯಲ್ಲಿ 40 ಲೈನ್ ಅಂದರೆ ಒಂದು ಇಂಚು. ಅಂದರೆ ಇವೆರಡರ ನಡುವೆ ಇರುವುದು ಎರಡೂವರೆ ಮಿಲಿಮೀಟರ್. ಎರಡನ್ನೂ ಅಂಗೈ ಮೇಲೆ ಇಟ್ಟುಕೊಂಡು ನೋಡಿದೆ. ಜೊತೆಗಿದ್ದರೆ ಗೊತ್ತಾಗುತ್ತದೆ. ಒಂದನ್ನೇ ಕೊಟ್ಟರೆ ನಾನೂ ಹೇಳಲಾರೆ.

ತಪ್ಪು ನನ್ನದೇ. ಅಚ್ಚುಕಟ್ಟಾಗಿ ಕಾಣಲಿ ಅಂತ ಒಂದೇ ಜಾತಿಯವನ್ನೆಲ್ಲ ಅಕ್ಕಪಕ್ಕ ಜೋಡಿಸಿದ್ದೆ. ಈಗ 24ರ ಪಕ್ಕ ಜಿಪ್, ಅದರಾಚೆ 28. ನೋಡಲು ಅಸಹ್ಯ, ಆದರೆ ಗುಂಡಿ ಬೇಕಿದ್ದಾಗ ಯಾರೂ ಜಿಪ್ ಎತ್ತಿಕೊಳ್ಳುವುದಿಲ್ಲ. ಜೊತೆಗೆ ಪ್ರತಿ ಡಬ್ಬಿಯ ಮೇಲೆ ಎರಡಂಕಿಯ ಒಂದು ಗುರುತು, ಸರಣಿಯಲ್ಲಿ ಅಲ್ಲ, ಸುಮ್ನೆ ಅಡ್ಡಾದಿಡ್ಡಿ. ಸಾಮಾನು ತೆಗೆಯುವವನು ಅದನ್ನು ನೋಡಿ ಚೀಟಿಯಲ್ಲಿ ಬರೆಯಬೇಕು, ಪ್ಯಾಕ್ ಮಾಡುವವನು ತನ್ನ ಪಟ್ಟಿಯ ಜೊತೆ ಹೋಲಿಸಬೇಕು. ತಪ್ಪು ಡಬ್ಬಿಗೆ ಕೈ ಹಾಕಿದರೆ ಸಿಕ್ಕಿಬೀಳುತ್ತದೆ. ಸರಕು ತುಂಬುವಾಗಲೇ ತಪ್ಪು ಡಬ್ಬಿಗೆ ಸುರಿದರೆ ಮಾತ್ರ ಇದು ಹಿಡಿಯುವುದಿಲ್ಲ. ಅದಕ್ಕೇ ತುಂಬುವ ಕೆಲಸ ಈಗ ಬೆಳಿಗ್ಗೆ, ತಲೆ ಚುರುಕಾಗಿರುವಾಗ.

ವಾರ 5

ಒಂದು ಹಳೆಯ ತಳ್ಳುಗಾಡಿಗೆ ಆರು ಡಬ್ಬ ಕಟ್ಟಿದೆ, ಒಂದು ಡಬ್ಬಕ್ಕೆ ಒಂದು ಆರ್ಡರ್. ಒಂದೇ ಸುತ್ತಿನಲ್ಲಿ ಆರು ಮುಗಿಯುತ್ತವೆ. ಎಂಟು ಕಟ್ಟಿ ನೋಡಿದ್ದೆ, ಓಣಿಯಲ್ಲಿ ತಿರುಗಲೇ ಇಲ್ಲ. ಒಂದೇ ಸಾಮಾನಿನ ಆರ್ಡರುಗಳಿಗೆ ಡಬ್ಬವೂ ಬೇಡ. ಬಿಳಿ ದಾರ ಒಂಬತ್ತು ಬೇಕಾ, ಒಂಬತ್ತನ್ನೂ ಒಟ್ಟಿಗೆ ತಂದು ಟೇಬಲ್ ಮೇಲೆ ಹಂಚಿಕೊಳ್ಳುತ್ತೇವೆ. ಕಾದು ಗುಂಪು ಮಾಡುವುದರಿಂದ ಬೆಳಿಗ್ಗೆಯ ಮೊದಲ ಆರ್ಡರ್ ಸ್ವಲ್ಪ ತಡವಾಗುತ್ತದೆ. ಕೊರಿಯರ್ ಬರುವುದು ಸಂಜೆ, ಹಾಗಾಗಿ ಚಿಂತೆ ಇಲ್ಲ.

ಲೇಸಿಗೆ ಮಾತ್ರ ಇನ್ನೂ ವಿಳಾಸ ಸಿಕ್ಕಿಲ್ಲ. ಅದನ್ನು ಅಳೆದು ಕತ್ತರಿಸಬೇಕು, ಗಾಡಿ ನಿಲ್ಲಿಸಿ ಓಣಿಯಲ್ಲಿ ಕತ್ತರಿ ಹಿಡಿದರೆ ಹಿಂದಿದ್ದವನು ಕಾಯಬೇಕು. ಉರುಳೆಗಳೆಲ್ಲ ಸದ್ಯ ಟೇಬಲ್ ಕೆಳಗಿವೆ, ನನ್ನ ಮೊಣಕಾಲಿಗೆ ತಾಗುತ್ತಾ.