ಸಾರುವೆಗೆ ಇಲ್ಲಿ ಪರಾಂಚಿ ಎನ್ನುತ್ತಾರೆ

ಹೊನ್ನಾವರದಿಂದ ತಮ್ಮ ಫೋನ್ ಮಾಡಿದ್ದ. ಮನೆಯ ಮೇಲೆ ಮಹಡಿ ಎತ್ತುತ್ತಿದ್ದಾನಂತೆ. "ಇಡೀ ಕೆಲಸವನ್ನು ಮೇಸ್ತ್ರಿಗೆ ಗುತ್ತಿಗೆ ಕೊಟ್ಟುಬಿಟ್ಟಿದ್ದೇನೆ ಅಣ್ಣಾ, ಇನ್ನು ನನಗೇನೂ ತಲೆನೋವಿಲ್ಲ" ಎಂದ. 2022ರ ಮೇ ತಿಂಗಳಲ್ಲಿ ಮುಂಬೈ ಪಕ್ಕದ ಡೊಂಬಿವಲಿಯ ಈ ಮನೆಯಲ್ಲಿ ಇದೇ ಮಾತನ್ನು ನಾನು ಹೆಂಡತಿಗೆ ಹೇಳಿದ್ದೆ.

ನಮ್ಮದು ಮೂರನೆಯ ಮಹಡಿ. ಮಳೆ ಹಿಡಿಯುವುದರೊಳಗೆ ಕಿಟಕಿಯ ಛಜ್ಜಾ (ಊರಿನಲ್ಲಿ ಸಜ್ಜಾ) ಒಡೆಸಿ ಕಟ್ಟಿಸಬೇಕಿತ್ತು, ಸೋರುವ ಬಚ್ಚಲನ್ನೂ ಸರಿಮಾಡಿಸಬೇಕಿತ್ತು. ಠೇಕೇದಾರ (ಊರಿನಲ್ಲಿ ಗುತ್ತಿಗೆದಾರ) ನಾಕಾದಿಂದ ನಾಲ್ವರನ್ನು ಕರೆತಂದ. ಬೆಳಗಾದರೆ ದಿನಗೂಲಿಯವರು ಬುತ್ತಿ ಹಿಡಿದು ಕೆಲಸಕ್ಕಾಗಿ ಕಾದು ನಿಲ್ಲುವ ಜಾಗವೇ ನಾಕಾ. ನಾಲ್ವರಲ್ಲಿ ಒಬ್ಬ ಕಲಬುರಗಿ ಕಡೆಯವನು. ನಮ್ಮ ಕರಾವಳಿ ಕನ್ನಡ ಕೇಳಿ ಅವನಿಗೆ ನಗು.

ಆರನೆಯ ದಿನ ಪರಾಂಚಿಯ ಬಿದಿರು ಜಾರಿತು. ಬಿದ್ದವನು ಅವನೇ. ತೊಡೆಯ ಮೂಳೆ ಮುರಿದಿತ್ತು. ಸಂಜೆಯ ಹೊತ್ತಿಗೆ ಠೇಕೇದಾರನ ಮೊಬೈಲ್ ಬಂದ್. ಆಸ್ಪತ್ರೆಯಲ್ಲಿ ಮುಂಗಡ ಯಾರು ಕಟ್ಟುತ್ತೀರಿ ಎಂದು ಕೇಳಿದಾಗ ಉಳಿದ ಮೂವರೂ ನನ್ನ ಮುಖ ನೋಡಿದರು. ಸೊಸೈಟಿಯ ಸೆಕ್ರೆಟರಿ ಕಾಕಾ ಕಡತ ತೆರೆದು, ಕೆಲಸ ಶುರುವಾಗುವ ಮುಂಚೆ ನಾನು ಓದದೆ ಸಹಿ ಹಾಕಿದ್ದ ಮುಚ್ಚಳಿಕೆಯನ್ನು ತೋರಿಸಿದರು. ಏನೇ ಹಾನಿಯಾದರೂ ಸದಸ್ಯನೇ ಹೊಣೆ ಎಂದಿತ್ತು.

ಠೇಕೇದಾರ ತನ್ನ ಬಳಿ ವಿಮೆ ಇದೆ ಎಂದಿದ್ದ. ಸುಳ್ಳಲ್ಲ, ಪ್ರತಿಯನ್ನೂ ಕೊಟ್ಟಿದ್ದ. ಅದು ಕಾಂಟ್ರ್ಯಾಕ್ಟರ್ಸ್ ಆಲ್ ರಿಸ್ಕ್ ಪಾಲಿಸಿ. ಅದರ ಮೊದಲ ಭಾಗ ಕಟ್ಟುತ್ತಿರುವ ಕಟ್ಟಡಕ್ಕೆ, ಎರಡನೆಯದು ಹೊರಗಿನವರಿಗೆ. ದಾರಿಹೋಕನ ತಲೆಯ ಮೇಲೆ ಇಟ್ಟಿಗೆ ಬಿದ್ದರೆ ಪರಿಹಾರವುಂಟು. ಆದರೆ ಪರಾಂಚಿಯ ಮೇಲೆ ನಿಂತು ಆ ಇಟ್ಟಿಗೆ ಹಿಡಿದವನು ಅದರ ಲೆಕ್ಕದಲ್ಲಿ ಹೊರಗಿನವನಲ್ಲ. ಅವನಿಗೆ ಬೇರೆಯೇ ಪಾಲಿಸಿ ಮಾಡಿಸಬೇಕು, ಹಳಬರು ಈಗಲೂ ವರ್ಕ್‌ಮೆನ್ ಪಾಲಿಸಿ ಎನ್ನುವುದು. ನಾವು ತೋರಿಸುವ ಕೂಲಿಯ ಮೊತ್ತದ ಮೇಲೆ ಅದರ ಕಂತು. ಆಸ್ಪತ್ರೆ ಖರ್ಚಿಗೆ ಸಾಮಾನ್ಯವಾಗಿ ಇನ್ನಷ್ಟು ಕಟ್ಟಬೇಕು. ನನ್ನದೇ ಮನೆ ವಿಮೆ ಇತ್ತಲ್ಲ ಎಂದು ಅದನ್ನೂ ತಿರುವಿ ನೋಡಿದೆ. ಬೆಂಕಿ, ನೆರೆ, ಭೂಕಂಪ ಎಲ್ಲ ಇತ್ತು, ಬಿದ್ದ ಮನುಷ್ಯ ಇರಲಿಲ್ಲ.

ಮುಲುಂಡಿನಲ್ಲಿರುವ ವಕೀಲ ಗೆಳೆಯನನ್ನು ಕೇಳಿದೆ. ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯಲ್ಲಿ, ಗುತ್ತಿಗೆದಾರನ ಕೆಲಸಗಾರನಿಗೆ ಗುತ್ತಿಗೆ ಕೊಟ್ಟವನೇ ಪರಿಹಾರ ಕೊಡಬೇಕಾಗುವುದು ಆ ಕೆಲಸ ಅವನ ವ್ಯಾಪಾರ, ಉದ್ಯೋಗಕ್ಕೆ ಸೇರಿದ್ದಾಗ. ಸ್ವಂತ ಮನೆ ರಿಪೇರಿ ಮಾಡಿಸುವವನು ತನಗದು ತಗಲುವುದಿಲ್ಲ ಎಂದು ವಾದಿಸಬಹುದು. "ವಾದಿಸು, ಆದರೆ ಎಷ್ಟು ವರ್ಷ ವಾದಿಸುತ್ತೀಯ?" ಎಂದ. ಬಚ್ಚಲಿನ ವಿಷಯಕ್ಕೆ ಅವನು ತೆಗೆದದ್ದು 1868ರ ಇಂಗ್ಲೆಂಡಿನ ತೀರ್ಪು. ಗಿರಣಿ ಮಾಲೀಕನೊಬ್ಬ ಗುತ್ತಿಗೆದಾರರಿಂದ ಜಲಾಶಯ ಕಟ್ಟಿಸಿದ್ದ, ನೀರು ಪಕ್ಕದವನ ಗಣಿಗೆ ನುಗ್ಗಿತು. ಅಜಾಗರೂಕತೆ ಕಟ್ಟಿದವರದ್ದಾದರೂ ಹೊಣೆ ಬಂದದ್ದು ಮಾಲೀಕನ ತಲೆಗೆ. ನಮ್ಮ ಬಚ್ಚಲಿನ ಕೆಳಗೆ ಗಣಿ ಇಲ್ಲ, ಬಾಯಿ ಜೋರಿನ ಒಂದು ಸಂಸಾರ ಇದೆ.

ಆ ರಾತ್ರಿ ನಿದ್ದೆ ಬಾರದೆ ಲೆಕ್ಕ ಹಾಕಿದೆ. ಲೆಕ್ಕಕ್ಕೆ ಹಿಡಿಯುವ ತಿಂಗಳ ಕೂಲಿಯ ಮಿತಿ ಆಗ 15,000 ರೂಪಾಯಿ. ಅದರ ಅರ್ಧವನ್ನು, ಮೂವತ್ತು ವಯಸ್ಸಿನವನಾದರೆ, ಆ ಕಾಯ್ದೆಯ ಪಟ್ಟಿಯಲ್ಲಿದ್ದ 207.98ರಿಂದ ಗುಣಿಸಬೇಕು: 15,59,850 ರೂಪಾಯಿ. ಸತ್ತಿದ್ದರೆ ಸಿಗಬೇಕಾದ ಹಣ ಅದು. ಬದುಕಿದ್ದಾನೆ. ಕುಂಟುತ್ತಾನೆ, ಯುಗಾದಿಗೆ ಫೋನ್ ಮಾಡುತ್ತಾನೆ. ಆಸ್ಪತ್ರೆಯ ಬಿಲ್ಲನ್ನು ನಾನೇ ಕಟ್ಟಿದೆ. ಮೊತ್ತ ಬರೆಯುವುದಿಲ್ಲ, ಹೆಂಡತಿ ಇದನ್ನು ಓದುತ್ತಾಳೆ.

ತಮ್ಮನಿಗೆ ಹೇಳಿದೆ: ಮೇಸ್ತ್ರಿಯ ಪಾಲಿಸಿ ಕೇಳಿ ನೋಡು, ಅದರಲ್ಲಿ ನಿನ್ನ ಹೆಸರನ್ನೂ ಸೇರಿಸಲಿ, ಅವಧಿ ಸ್ಲ್ಯಾಬ್ ಮುಗಿಯುವ ತನಕ ಇರಲಿ. ಕೂಲಿಯವರದು ಬೇರೆಯೇ ಇರಬೇಕು. ಅವನು ಮಾಡಿಸದಿದ್ದರೆ ನೀನೇ ಮಾಡಿಸು, ಕೆಲಸ ನಡೆಯುವಷ್ಟು ತಿಂಗಳಿಗೂ ಸಿಗುತ್ತದೆ.

"ಮೇಸ್ತ್ರಿ ಬೇಸರ ಮಾಡಿಕೊಂಡಾರು ಅಣ್ಣಾ. ಅಪ್ಪನ ಕಾಲದಿಂದ ನಮ್ಮ ಮನೆಯ ಕೆಲಸ ಮಾಡಿದವರು."

"ಮಾಡಿಕೊಳ್ಳಲಿ" ಎಂದೆ.

ನಿನ್ನೆ ವಾಟ್ಸಾಪ್‌ನಲ್ಲಿ ಚಿತ್ರ ಕಳಿಸಿದ್ದಾನೆ. ಪಾಲಿಸಿಯದ್ದಲ್ಲ, ಸಾರುವೆಯದ್ದು. ಅಡಕೆ ದಬ್ಬೆಗೆ ಹಗ್ಗ ಬಿಗಿದು ಇಬ್ಬರು ಮೇಲೆ ನಿಂತಿದ್ದಾರೆ, ಕೆಳಗೆ ನಮ್ಮ ಬಾವಿಕಟ್ಟೆ.